ಗುಡ್ಡದ ಮೇಲಿನ ಆರು ದೀಪ

ಅಡುಗೆಮನೆಯ ಕಿಟಕಿಯಿಂದ ಎದುರು ಗುಡ್ಡ ಕಾಣುತ್ತಿತ್ತು. ಗುಡ್ಡದ ಮಗ್ಗುಲಲ್ಲಿ ಊರಿನ ಸ್ಮಶಾನ. ಸಂಜೆ ಕಪ್ಪಾಗುತ್ತಿದ್ದಂತೆ ಅಲ್ಲಿನ ಸಮಾಧಿಗಳ ಸುತ್ತ ಪುಟ್ಟ ಪುಟ್ಟ ಬೆಳಕು ಮೂಡುತ್ತಿತ್ತು. ಹಗಲೆಲ್ಲ ಬಿಸಿಲು ಕುಡಿದು ಕತ್ತಲಾದಾಗ ತಾವೇ ಉರಿಯುವ ಸೋಲಾರ್ ದೀಪಗಳು. ಶ್ರೀಮಂತರ ತೋಟಕ್ಕೆಂದು ಮಾಡಿದಂಥವು, ಈಚೆಗೆ ಎಲ್ಲರ ಸಮಾಧಿಗೂ ಬಂದಿದ್ದವು. ಮೇಲಿನ ಸಾಲಿನ ಕೊನೆಯ ಆರು ದೀಪ ಫಿಲಾನಿಯವು. ಅವನ ತಾಯಿ ಮಾಝೊಂಡಿ ರಾತ್ರಿ ಊಟಕ್ಕೆ ಕೂರುವ ಮೊದಲು ಪರದೆ ಸರಿಸಿ ಆರನ್ನೂ ನೋಡಿ, "ಮಗ ಎದ್ದ," ಎನ್ನುತ್ತಿದ್ದಳು. ಆಮೇಲೆಯೇ ತಟ್ಟೆಗೆ ಕೈ ಹಾಕುವುದು.

ಆ ಸಂಜೆ ಅವಳು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಳು.

"ಐದೇ ಇವೆ," ಎಂದಳು.

ಸೊಸೆ ಮಾಶೆಝಿ ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಪುಥುವನ್ನು ತಟ್ಟೆಗಳಿಗೆ ಬಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹಳೇ ದೀಪಗಳು, ಬ್ಯಾಟರಿ ಮುಗಿದಿರ್ಬೇಕು, ಮಾ. ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು."

"ಬ್ಯಾಟರಿ!" ಎಂದಳು ಮಾಝೊಂಡಿ. "ನೀನು ಕೆಲಸಕ್ಕೆ ಹೋಗೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

"ಎರಡು ವಾರ."

"ಸರಿ, ಹುಳಿಹಾಲು ಹಾಕು."

ಅಷ್ಟೇ ಮಾತು. ಆದರೆ ಮೊಮ್ಮಗಳು ನೊಮಾಲಂಗ ಪುಸ್ತಕದಿಂದ ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಫಿಲಾನಿಯ ತಮ್ಮ ವುಸಿ ಹುಳಿಹಾಲನ್ನು ಸದ್ದುಮಾಡಿ ಕುಡಿಯುವುದನ್ನು ನಿಲ್ಲಿಸಿದ. ಅತ್ತೆ ಲೆಕ್ಕ ಹಾಕಿದ್ದು ಯಾವುದನ್ನು ಯಾವುದರ ಜೊತೆಗೆ ಕೂಡಿಸಿ ಎಂಬುದು ಮೇಜಿನ ಸುತ್ತ ಇದ್ದ ಎಲ್ಲರಿಗೂ ತಿಳಿಯಿತು.

ಗಂಡ ಸತ್ತ ಹೆಂಗಸು ವರ್ಷ ತುಂಬುವವರೆಗೆ ಕಪ್ಪು ಬಿಡುವಂತಿಲ್ಲ. ಮಾಶೆಝಿಯ ಉಡುಪು ಕಪ್ಪು, ತಲೆವಸ್ತ್ರ ಕಪ್ಪು, ಭುಜದ ಮೇಲೆ ಪಿನ್ನು ಚುಚ್ಚಿದ ಹೊದಿಕೆ ಕಪ್ಪು. ದನಿ ಏರಿಸಬಾರದು. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು. ಆ ಬಟ್ಟೆಯನ್ನು ಬೇರೆಯವರು ಮುಟ್ಟುವುದಿಲ್ಲ. ಊರಿನವರೆಲ್ಲ ಹತ್ತುವ ಟ್ಯಾಕ್ಸಿಯಲ್ಲಿ ಅವಳು ಹಿಂದಿನ ಸೀಟಿನ ಮೂಲೆಯಲ್ಲಿ ಕೂರಬೇಕು. ವರ್ಷ ತುಂಬಲು ಇನ್ನೂ ಒಂದು ಚಳಿಗಾಲ ಕಳೆಯಬೇಕಿತ್ತು.

ಫಿಲಾನಿ ಇದ್ದಾಗ ಜಲಪಾತದ ದಾರಿಯಲ್ಲಿದ್ದ ವಸತಿಗೃಹದ ತೋಟದ ದೀಪಗಳೆಲ್ಲ ಅವನ ಜವಾಬ್ದಾರಿ. ಅಲ್ಲಿ ಕೆಟ್ಟು ಎಸೆದಿದ್ದನ್ನು ಮನೆಗೆ ತಂದು, ಇದೇ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅವನು ಬಿಚ್ಚಿದರೆ ತುಕ್ಕು ತಿಕ್ಕುವುದು ಮಾಶೆಝಿಯ ಪಾಲು. ತಿಕ್ಕುತ್ತ ತಿಕ್ಕುತ್ತ ಅವಳೂ ಕಲಿತಳು. ಊರಲ್ಲಿ ಕರೆಂಟು ಹೋದಾಗ ಈ ಮನೆಯಲ್ಲಿ ಮಾತ್ರ ಜಾಮ್ ಬಾಟಲಿಯಲ್ಲಿ ನಿಲ್ಲಿಸಿದ ದೀಪಗಳು ಉರಿಯುತ್ತಿದ್ದವು. ನೊಮಾಲಂಗ ಹತ್ತು ವರ್ಷ ಓದಿದ್ದು ಅವುಗಳ ಬೆಳಕಲ್ಲೇ. ವಸತಿಗೃಹದ ಒಡತಿ ಮೂಡ್ಲಿ ಮೇಡಂ ತಾನಾಗಿಯೇ ಫೋನು ಮಾಡಿ, "ನಿನ್ನ ಗಂಡನ ಕೆಲಸ ನೀನೇ ಮಾಡ್ತೀಯೇನಮ್ಮ?" ಎಂದು ಕೇಳಿದಾಗ ಮನೆಗೆ ಮಾಝೊಂಡಿಯ ಪಿಂಚಣಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ವುಸಿ ಕಾರು ತೊಳೆಯುವ ಕಡೆ ಹೋಗುತ್ತಿದ್ದ. ಕಾರು ಬಂದ ದಿನ ದುಡ್ಡು, ಬಾರದ ದಿನ ಕತೆ. ಮಾಝೊಂಡಿ ಯೋಚಿಸಿ, "ಹೋಗು. ಆದ್ರೆ ತಪ್ಪು ನಡೆದ್ರೆ ಫಿಲಾನಿನೇ ಹೇಳ್ತಾನೆ," ಎಂದಿದ್ದಳು.

ಈಗ ಫಿಲಾನಿ ಹೇಳುತ್ತಿದ್ದಾನೆ ಎಂದು ಅವಳ ಎಣಿಕೆ.

ಮುಂದಿನ ವಾರದೊಳಗೆ ಇನ್ನೆರಡು ಆರಿದವು. ಮಾಝೊಂಡಿ ಸೊಸೆಗೆ ಏನೂ ಹೇಳದೆ ಮಗನನ್ನು ಕರೆದಳು.

"ವುಸಿ, ಬ್ಯಾಟರಿ ತಂದು ನಿಮ್ಮಣ್ಣನ ದೀಪಕ್ಕೆ ಹಾಕಿ ಬಾ. ಆರಕ್ಕೂ ಹಾಕು."

"ಅತ್ತಿಗೆ ಬರಲಿ ತಾಳು ಮಾ, ಅವಳಿಗೆ ಇದೆಲ್ಲ ಗೊತ್ತು."

"ಕಪ್ಪು ಉಟ್ಟವಳು ಸ್ಮಶಾನದ ಹಾದಿ ತುಳೀತಾಳೇನೋ? ಬ್ಯಾಟರಿ ಹಾಕೋಕೂ ಬರಲ್ವಾ ನಿನಗೆ?"

"ಯಾಕೆ ಬರಲ್ಲ? ರೇಡಿಯೋಗೆ ನಾನೇ ತಾನೇ ಹಾಕೋದು?"

ಆ ಸಂಜೆ ಮಾಶೆಝಿ ಕೆಲಸದಿಂದ ಬಂದಾಗ ಮಾಝೊಂಡಿ ಅಂಗಳದಲ್ಲಿ ನಿಂತು ನಗುತ್ತಿದ್ದಳು. ಗುಡ್ಡದ ಮೇಲೆ ಆರೂ ದೀಪ ಹತ್ತಿದ್ದವು. ಅಕ್ಕಪಕ್ಕದ ಸಮಾಧಿಗಳ ಬೆಳಕು ಅವುಗಳ ಮುಂದೆ ಸಪ್ಪೆಯಾಗಿತ್ತು.

"ನೋಡೇ ಮಕೋಟಿ, ಹೊಸದರ ಥರ ಆಗಿವೆ!" ಸೊಸೆಯನ್ನು ಹಾಗೆ ಅಕ್ಕರೆಯಿಂದ ಕರೆದು ತಿಂಗಳೇ ಆಗಿತ್ತು.

ಮಾಶೆಝಿ ನೋಡಿದಳು. ಇಂಥ ದೀಪ ಅಷ್ಟು ಪ್ರಖರವಾಗಿ ಉರಿಯಬಾರದು. ವುಸಿ ಯಾವ ಬ್ಯಾಟರಿ ಹಾಕಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಯಿತು. ಹೇಳಲು ಬಾಯಿ ತೆರೆದಳು. ಅತ್ತೆ ಅಂದು ಕಾಡುಸೊಪ್ಪಿನ ಪಲ್ಯ ತಾನೇ ಮಾಡಿದ್ದಳು, ಅದರಲ್ಲಿ ಒಂದು ಸೌಟು ಹೆಚ್ಚಾಗಿ ಸೊಸೆಯ ತಟ್ಟೆಗೆ ಹಾಕಿದಳು. ಮಾಶೆಝಿ ಬಾಯಿ ಮುಚ್ಚಿ ಉಂಡಳು.

ನಾಲ್ಕೈದು ದಿನ ಉರಿದವು. ಆಮೇಲೆ ಒಂದು ಸಂಜೆ ಆರೂ ಒಟ್ಟಿಗೆ ಕಾಣದಾದವು.

ಮಾಝೊಂಡಿ ಪರದೆ ಎಳೆದು ಬಂದು ಕೂತಳು. "ನಾಳೆಯಿಂದ ಕೆಲಸಕ್ಕೆ ಹೋಗ್ಬೇಡ."

"ಮಾ..."

"ಹೊಸ ಬ್ಯಾಟರಿ ಹಾಕಿದ್ರೂ ಆರಿಸಿದ್ದಾನೆ ಅಂದ್ಮೇಲೆ ಇನ್ನೇನು ಹೇಳ್ಬೇಕು ಅವನು? ಎದ್ದು ಬಂದು ಕದ ತಟ್ಬೇಕಾ?"

"ಅದು ಬೇರೆ ಬ್ಯಾಟರಿ, ಮಾ. ರೇಡಿಯೋದು ಒಂದ್ಸಲ ಉರಿದು ಮುಗಿಯೋದು. ಈ ದೀಪಕ್ಕೆ ದಿನಾ ಖಾಲಿಯಾಗಿ ದಿನಾ ತುಂಬಿಕೊಳ್ಳೋದು ಬೇಕು. ತುಂಬಿಕೊಳ್ಳದ್ದಕ್ಕೆ ಬಿಸಿಲು ತುರುಕಿದ್ರೆ ಹೊಟ್ಟೆ ಒಡೆದು ಸೋರುತ್ತೆ. ಈಗ ಒಳಗೆಲ್ಲ ಸೋರಿರುತ್ತೆ."

ವುಸಿ ತಟ್ಟೆ ತಳ್ಳಿದ. "ಅಂದ್ರೆ ನಾನು ಹಾಳು ಮಾಡಿದೆ? ನನ್ನಣ್ಣನ ದೀಪ, ನನ್ನ ಕೈಯಿಂದ?"

"ನಾನು ಹಾಗನ್ನಲಿಲ್ಲ, ವುಸಿ."

"ಹಾಗೇ ಅಂದೆ ಅತ್ತಿಗೆ. ಬೆಳಗಿದಾಗ ಯಾಕೆ ಹೇಳಲಿಲ್ಲ? ನೋಡ್ತಾ ನಿಂತಿದ್ದೆಯಲ್ಲ?"

ಅಂದು ಅತ್ತೆ ನಗುತ್ತಿದ್ದಳು ಎಂದು ಮಾಶೆಝಿ ಹೇಳುವಂತಿರಲಿಲ್ಲ.

ವುಸಿ ಸಿಟ್ಟಿನಲ್ಲಿ ಇನ್ನೊಂದು ಮಾತು ಎಸೆದ. "ಮಾ, ನೀನು ಅವಳ ಕೆಲಸದ ಚೀಲ ನೋಡು. ಉಗುರಿಗೆ ಹಚ್ಚೋ ಬಣ್ಣ ಇದೆ. ನಾನೇ ನೋಡಿದೆ."

ಮಾಝೊಂಡಿ ಚೀಲ ತರಿಸಿದಳು. ಸ್ಕ್ರೂ ಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಪೇಸ್ಟು, ವಿನೆಗರ್ ತುಂಬಿದ ಔಷಧಿ ಸೀಸೆ. ಅವುಗಳ ಅಡಿಯಲ್ಲಿ ಚಿಕ್ಕದೊಂದು ಉಗುರು ಬಣ್ಣದ ಸೀಸೆ.

"ಇದು ನನ್ನದಲ್ವಾ?" ಎಂದಳು ನೊಮಾಲಂಗ. "ಅಮ್ಮಾ, ಒಂದು ತಿಂಗಳಿಂದ ಹುಡುಕ್ತಿದ್ದೀನಿ ನಾನು!"

"ಬಣ್ಣ ಇಲ್ಲ ಅದರಲ್ಲಿ, ಮಾ. ನೀರಿನ ಥರ ಇದೆ, ನೋಡಿ. ದೀಪದ ತಲೆ ಮೇಲಿನ ಫಲಕ ಮಸುಕಾದಾಗ ಹಚ್ತೀನಿ."

"ದೀಪಕ್ಕೆ ಉಗುರು ಬಣ್ಣ," ಎಂದಳು ಮಾಝೊಂಡಿ ಮೆಲ್ಲಗೆ. "ನಾನು ಮುದುಕಿ, ಓದಿಲ್ಲ. ಆದ್ರೆ ಇಷ್ಟೊಂದು ದಡ್ಡಿ ಅಲ್ಲ ಮಕೋಟಿ. ಕಪ್ಪು ಉಟ್ಟು ಬೆರಳು ಮಿಂಚಿಸ್ಕೊಂಡು ಹೋದ್ರೆ ದೀಪ ಆರದೆ ಏನು ಮಾಡುತ್ತೆ?"

ಮಾಶೆಝಿ ತನ್ನ ಹತ್ತೂ ಬೆರಳು ಮೇಜಿನ ಮೇಲೆ ಹರಡಿದಳು. ಉಗುರುಗಳಲ್ಲಿ ತುಕ್ಕು, ಮಣ್ಣು. ಮಾಝೊಂಡಿ ಅತ್ತ ನೋಡಲಿಲ್ಲ.

ಮರುದಿನ ಮಾಶೆಝಿ ಮನೆಯಲ್ಲೇ ಉಳಿದಳು. ಬಟ್ಟೆ ಒಗೆದಳು, ಕೋಳಿಗೂಡು ಗುಡಿಸಿದಳು. ಮೂಡ್ಲಿ ಮೇಡಂ ಫೋನು ಮಾಡಿದರು. "ನಿಮ್ಮ ಪದ್ಧತಿ ನನಗೆ ಅರ್ಥ ಆಗುತ್ತಮ್ಮ, ನಮ್ಮಲ್ಲೂ ಇಂಥವು ಇವೆ. ಆದ್ರೆ ಅತಿಥಿಗಳು ಕತ್ತಲಲ್ಲಿ ಎಡವುತ್ತಾರೆ. ಸೋಮವಾರ ಬರದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ." ಮಾಶೆಝಿ ಅದನ್ನು ಅತ್ತೆಗೆ ಹೇಳಿದಳು. ಮಾಝೊಂಡಿ ಬೀನ್ಸ್ ಆರಿಸುತ್ತ, "ನೋಡಲಿ," ಎಂದಳು.

ಆ ವಾರ ಮಾಂಸ ಬರಲಿಲ್ಲ. ಸಕ್ಕರೆ ಮುಗಿಯಿತು. ವುಸಿ ಸಕ್ಕರೆಯಿಲ್ಲದ ಚಹಾ ಕುಡಿದು ಮುಖ ಕಿವಿಚಿದ.

"ಏನೋ, ಕಹಿಯಾ?" ಎಂದಳು ಮಾಝೊಂಡಿ.

"ಇಲ್ಲ ಮಾ, ಆರೋಗ್ಯಕ್ಕೆ ಒಳ್ಳೇದಂತೆ."

ಶುಕ್ರವಾರ ಶಾಲೆ ಬಿಟ್ಟ ಮೇಲೆ ನೊಮಾಲಂಗ ತಡವಾಗಿ ಬಂದಳು. ಅವಳ ಚೀಲ ಉಬ್ಬಿತ್ತು. ಅವಳು ಗೋಗೊ ಎಂದು ಕರೆಯುವ ಅಜ್ಜಿ ಹಿತ್ತಲಲ್ಲಿದ್ದಾಳೆಂದು ತಿಳಿದು ಅಡುಗೆಮನೆಯ ಮೇಜಿನ ಮೇಲೆ ಚೀಲ ಬರಿದು ಮಾಡಿದಳು. ಆರು ದೀಪ, ಅವುಗಳ ಕಡ್ಡಿಗಳಿಗೆ ಅಂಟಿದ ಕೆಂಪು ಮಣ್ಣು.

ಮಾಶೆಝಿ ಎರಡು ಹೆಜ್ಜೆ ಹಿಂದೆ ಸರಿದಳು. "ಏನು ಮಾಡಿದ್ಯೇ ನೀನು?"

"ನೀನು ಅಲ್ಲಿಗೆ ಹೋಗೋ ಹಾಗಿಲ್ಲ. ಅದಕ್ಕೆ ಅವನ್ನೇ ತಂದೆ. ಬೇಗ ಸರಿ ಮಾಡು ಅಮ್ಮ, ಕತ್ತಲಾಗೋ ಮೊದಲು ವಾಪಸ್ ನೆಟ್ಟು ಬರ್ತೀನಿ. ಉರಿದ್ರೆ ಗೋಗೊ ಮತ್ತೆ ನಿನ್ನ ಕೆಲಸಕ್ಕೆ ಕಳಿಸ್ತಾಳೆ."

ಹಿಂಬಾಗಿಲಲ್ಲಿ ಮಾಝೊಂಡಿ ನಿಂತಿದ್ದಳು. ಕೈಯಲ್ಲಿ ಸೊಪ್ಪು.

ಸಮಾಧಿಗೆ ಕೊಟ್ಟದ್ದು ಸತ್ತವರದು. ಮನೆಯಿಂದ ಅಲ್ಲಿಗೆ ಏನು ಬೇಕಾದರೂ ಹೋಗಬಹುದು, ಅಲ್ಲಿಂದ ಮನೆಗೆ ಹುಲ್ಲುಕಡ್ಡಿಯೂ ಬರಕೂಡದು. ಇದನ್ನು ಯಾರೂ ಯಾರಿಗೂ ಕಲಿಸಬೇಕಿರಲಿಲ್ಲ. ನೊಮಾಲಂಗಳಿಗೂ ಗೊತ್ತಿತ್ತು.

"ಊಟದ ಮೇಜಿನ ಮೇಲೆ," ಎಂದಳು ಮಾಝೊಂಡಿ. "ನನ್ನ ಮಗನ ತಲೆಯ ಮೇಲಿನ ಮಣ್ಣು, ಊಟದ ಮೇಜಿನ ಮೇಲೆ!"

"ಗೋಗೊ, ಬ್ಯಾಟರಿ ಸೋರಿದೆ, ನೋಡು ಇಲ್ಲಿ! ಅಪ್ಪ ಅಮ್ಮನ ಮೇಲೆ ಸಿಟ್ಟಾಗಿಲ್ಲ. ಚಿಕ್ಕಪ್ಪ ತಪ್ಪು ಬ್ಯಾಟರಿ ಹಾಕಿದ, ಅಷ್ಟೇ. ನೀನು ದಿನಾ ರಾತ್ರಿ ಅವಳನ್ನ ನೋಡೋ ನೋಟ ನನಗೆ ಸಾಕಾಗಿದೆ!"

"ಬಾಯಿ ಮುಚ್ಚೇ!" ಎಂದಳು ಮಾಶೆಝಿ. ಕಪ್ಪು ಉಟ್ಟ ಮೇಲೆ ಅವಳು ದನಿ ಏರಿಸಿದ್ದು ಅದೇ ಮೊದಲು. ತಾನೇ ಬೆಚ್ಚಿ ಬಾಯಿಗೆ ಕೈ ಒತ್ತಿಕೊಂಡಳು.

ಆಮೇಲೆ ಮಾಶೆಝಿ ತಗ್ಗಿದ ದನಿಯಲ್ಲಿ ಹೇಳಿದಳು. "ಇವು ಈಗಲೇ ಮನೆಯಿಂದ ಆಚೆ ಹೋಗಲಿ. ಗೇಟಿನ ಹೊರಗೆ ಮರದ ಬುಡದಲ್ಲಿಡ್ತೀನಿ. ಮೇಜು ತೊಳೀತೀನಿ. ನಾಳೆ ಅಲ್ಲೇ ಹೋಗಿ, ಅವರ ಹತ್ತಿರವೇ ಕೂತು ರಿಪೇರಿ ಮಾಡ್ತೀನಿ. ಒಬ್ಬಳೇ ಹೋಗಲ್ಲ. ನೀವು ಕರ್ಕೊಂಡು ಹೋಗಿ, ಮಾ. ಅವರು ಬೇಡ ಅನ್ನೋದಾದ್ರೆ ನಿಮ್ಮ ಎದುರೇ ಅನ್ನಲಿ. ದೀಪ ಹತ್ತದಿದ್ರೆ ನಾನು ಮತ್ತೆ ಕೆಲಸದ ಮಾತು ಎತ್ತಲ್ಲ."

ಆ ರಾತ್ರಿ ಮಾಝೊಂಡಿ ಉಣ್ಣಲಿಲ್ಲ. ಮೇಜನ್ನು ಎರಡು ಸಲ ತೊಳೆಸಿದಳು. ಆದರೆ ಬೆಳಿಗ್ಗೆ ಎದ್ದು ದೊಡ್ಡ ಟೋಪಿ ತಲೆಗಿಟ್ಟುಕೊಂಡು, ಕೋಲು ಹಿಡಿದು ಗೇಟಿನ ಬಳಿ ನಿಂತಿದ್ದಳು.

"ಬಾ," ಎಂದಳು. "ಬಿಸಿಲು ಏರೋ ಮೊದಲು."

ಮಾಶೆಝಿ ಮರದ ಬುಡದಿಂದ ದೀಪಗಳನ್ನು ಎತ್ತಿಕೊಂಡು ಅವಳ ಹಿಂದೆ ಗುಡ್ಡ ಹತ್ತಿದಳು. ಮುದುಕಿ ನಿಂತಲ್ಲೆಲ್ಲ ಸೊಸೆಯೂ ನಿಂತಳು. ಸಮಾಧಿಯ ಹತ್ತಿರ ಮಾಝೊಂಡಿ ನೆಲಕ್ಕೆ ಕೂತು, ಮಗನ ಮನೆತನದ ಹೆಸರುಗಳನ್ನು ಒಂದೊಂದಾಗಿ ಕರೆದು, "ನಿನ್ನ ಹೆಂಡತಿ ಬಂದಿದ್ದಾಳೆ. ಕಪ್ಪಿನಲ್ಲೇ ಬಂದಿದ್ದಾಳೆ. ನಾನೇ ಕರ್ಕೊಂಡು ಬಂದೆ. ಬೈಯೋದಾದ್ರೆ ನನ್ನ ಬೈ," ಎಂದಳು.

ಮಾಶೆಝಿ ಕೆಲಸಕ್ಕೆ ಕೂತಳು. ಮೊದಲ ದೀಪದ ತಲೆ ತಿರುಗಿಸಿ ತೆಗೆದಳು. ಒಳಗೆ ಬ್ಯಾಟರಿ ಸೋರಿ ಬಿಳಿ ಹುಡಿ ಕಟ್ಟಿತ್ತು. ಹಳೆಯ ಬ್ಯಾಟರಿಯನ್ನು ಬದಿಗಿಟ್ಟು, ಬ್ರಷ್ಷನ್ನು ವಿನೆಗರಿನಲ್ಲಿ ಅದ್ದಿ ತಗಡಿನ ತುದಿ ಹೊಳೆಯುವವರೆಗೆ ತಿಕ್ಕಿದಳು, ಬಟ್ಟೆಯಿಂದ ಒರಸಿದಳು. ನೀರು ನುಗ್ಗದಂತೆ ರಬ್ಬರಿನ ಬಳೆ ಸರಿಯಾಗಿ ಕೂರಿಸಿದಳು. ಆಮೇಲೆ ಮೇಲಿನ ಫಲಕ. ಬಿಸಿಲಿಗೆ ಮಳೆಗೆ ಅದು ಮುದುಕರ ಕಣ್ಣಿನಂತೆ ಪೊರೆ ಕಟ್ಟಿತ್ತು. ಪೇಸ್ಟು ಹಾಕಿ ಉಜ್ಜಿದಳು, ತೊಳೆದಳು, ಒಣಗಿಸಿದಳು. ಚೀಲದಿಂದ ಉಗುರು ಬಣ್ಣದ ಸೀಸೆ ತೆಗೆದು, ಪುಟ್ಟ ಕುಂಚದಿಂದ ಫಲಕದ ಮೇಲೆ ತೆಳುವಾಗಿ ಎಳೆದಳು. ಪೊರೆ ಹರಿದಂತೆ ಅದರ ಕಪ್ಪು ಮೈ ಮಿಂಚಿತು.

ಮಾಝೊಂಡಿ ಬಗ್ಗಿ ನೋಡಿದಳು. ಎರಡನೆಯ ದೀಪ ಎತ್ತಿಕೊಂಡು, "ಪೇಸ್ಟು ಕೊಡು ಇಲ್ಲಿ. ಉಜ್ಜೋಕೆ ನನಗೂ ಬರುತ್ತೆ," ಎಂದಳು.

ಐದು ದೀಪ ಸರಿಯಾದವು. ಆರನೆಯದರ ಒಳಗಿನ ತಂತಿ ಕೊಳೆತು ಹೋಗಿತ್ತು. ಎಳೆದರೆ ಪುಡಿಯಾಯಿತು.

"ಇದು ಆಗಲ್ಲ, ಮಾ."

"ಆಗದ್ದು ಆಗಲ್ಲ. ಅದೂ ಇರಲಿ, ಜೊತೆಗೆ ನಿಂತಿರುತ್ತೆ. ಮನೆಗೆ ಮಾತ್ರ ಬೇಡ."

ಮಾಶೆಝಿ ಬಟ್ಟೆಯ ಗಂಟಿನಿಂದ ಐದು ಬ್ಯಾಟರಿ ತೆಗೆದು ಒಂದೊಂದಾಗಿ ಹಾಕಿದಳು.

"ಇವು ಎಲ್ಲಿಂದ ಬಂದ್ವು? ನಿನ್ನ ಹತ್ತಿರ ದುಡ್ಡೆಲ್ಲಿತ್ತು?"

"ಮನೆ ದೀಪದವು."

"ಜಾಮ್ ಬಾಟಲಿ ದೀಪದವಾ? ಮತ್ತೆ ಹುಡುಗಿ ಯಾವುದರಲ್ಲಿ ಓದ್ತಾಳೆ?"

"ಮೇಣದ ಬತ್ತಿ ಇದೆ. ಅವಳನ್ನ ಕೇಳಿದೆ, ತಗೋ ಅಂದ್ಲು."

ಮಾಝೊಂಡಿ ಕೆಳಗೆ ಊರಿನ ಕಡೆ ನೋಡಿದಳು. ಅಲ್ಲಿಂದ ಅವಳ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ.

"ಹತ್ತಿಸಿ ತೋರಿಸು," ಎಂದಳು.

"ಹಗಲಲ್ಲಿ ತಾನಾಗಿ ಹತ್ತಲ್ಲ. ಫಲಕ ಮುಚ್ಚಿದ್ರೆ ರಾತ್ರಿ ಆಯ್ತು ಅಂದ್ಕೊಳ್ಳುತ್ತೆ." ಮಾಶೆಝಿ ಅಂಗೈಯಿಂದ ಫಲಕ ಮುಚ್ಚಿದಳು. "ನೋಡಿ, ಹತ್ತಿದೆ."

"ಎಲ್ಲಿ? ನನಗೇನೂ ಕಾಣ್ತಿಲ್ಲ."

ಬಿಸಿಲು ಕಣ್ಣು ಕುಕ್ಕುವಷ್ಟಿತ್ತು. ಮುದುಕಿಯ ಕಣ್ಣಿಗೆ ಆ ಬೆಳಕು ಸಿಗುವಂತಿರಲಿಲ್ಲ. ಮಾಶೆಝಿ ಸುತ್ತ ನೋಡಿದಳು. ನೆರಳು ಎಲ್ಲೂ ಇರಲಿಲ್ಲ. ಅವಳು ಭುಜದ ಪಿನ್ನು ಬಿಚ್ಚಿ, ಕಪ್ಪು ಹೊದಿಕೆಯನ್ನು ತನ್ನ ತಲೆಯ ಮೇಲಿಂದ ದೀಪದ ಮೇಲೆ ಇಳಿಬಿಟ್ಟಳು. ಅತ್ತೆಗೆಂದು ಒಂದು ಅಂಚು ಎತ್ತಿ ಹಿಡಿಯಲು ಹೋಗಿ ಕೈ ತಡೆದಳು. ಬೇರೆಯವರು ಮುಟ್ಟುವ ಬಟ್ಟೆಯಲ್ಲ ಅದು.

ಮಾಝೊಂಡಿ ಟೋಪಿ ತೆಗೆದಿಟ್ಟಳು. ಮೊಣಕಾಲೂರಿ, ಅಂಚನ್ನು ತಾನೇ ಎತ್ತಿ ತಲೆ ಒಳಗೆ ಹಾಕಿದಳು.

"ಮಾ, ನೀವು ಮುಟ್ಟಬಾರದು..."

"ನಾನೂ ಕಪ್ಪು ಉಟ್ಟವಳೇ," ಎಂದಳು.

ಬಟ್ಟೆಯೊಳಗೆ ಕತ್ತಲು, ವಿನೆಗರಿನ ವಾಸನೆ, ಇಬ್ಬರ ಉಸಿರು. ನಡುವೆ ದೀಪ ಉರಿಯುತ್ತಿತ್ತು. ಬೆಳಕಿನಲ್ಲಿ ಮಾಝೊಂಡಿಗೆ ಮೊದಲು ಕಂಡದ್ದು ದೀಪದ ಕಡ್ಡಿ ಹಿಡಿದಿದ್ದ ಸೊಸೆಯ ಬೆರಳುಗಳು. ಉಗುರು ಸೀಳಿ, ತುದಿಗಳಲ್ಲಿ ತುಕ್ಕು ಹಿಡಿದಿದ್ದವು. ಅವಳು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದಳು.

"ಸೋಮವಾರ ಹೋಗು," ಎಂದಳು. "ಹುಡುಗಿಗೆ ಬ್ಯಾಟರಿ ಬೇಕು. ಸಕ್ಕರೆನೂ ಬೇಕು. ಹೊತ್ತು ಮುಳುಗೋದ್ರೊಳಗೆ ಮನೇಲಿರ್ಬೇಕು."

"ಇರ್ತೀನಿ, ಮಾ."

ಸ್ಮಶಾನದ ಗೇಟಿನಲ್ಲಿಟ್ಟಿದ್ದ ಬೋಗುಣಿಯ ನೀರಿನಲ್ಲಿ ಇಬ್ಬರೂ ಕೈ ತೊಳೆದರು. ಮಾಝೊಂಡಿ ಸ್ಕ್ರೂ ಡ್ರೈವರನ್ನೂ ಬೋಗುಣಿಗೆ ಹಾಕಿದಳು.

"ತುಕ್ಕು ಹಿಡಿಯುತ್ತೆ, ಮಾ!"

"ಹಿಡಿದ್ರೆ ತಿಕ್ಕು. ಅದೇ ತಾನೇ ನಿನ್ನ ಕೆಲಸ?"

ಚಳಿಗಾಲ ಹತ್ತಿರವಾಯಿತು. ಮಾಶೆಝಿ ಬೆಳಿಗ್ಗೆ ಟ್ಯಾಕ್ಸಿಯ ಹಿಂದಿನ ಮೂಲೆಯಲ್ಲಿ ಕೂತು ಹೋಗುತ್ತಿದ್ದಳು, ಹೊತ್ತಿಗೆ ಮುಂಚೆ ಬರುತ್ತಿದ್ದಳು. ಶನಿವಾರಗಳಲ್ಲಿ ಮಾಝೊಂಡಿ ಒದ್ದೆ ಬಟ್ಟೆ ಹಿಡಿದು ಗುಡ್ಡ ಹತ್ತಿ ಫಲಕ ಒರಸಿ ಬರುತ್ತಿದ್ದಳು. ವುಸಿ ಒಂದು ಸಲ ತಾನಾಗಿಯೇ ಅಂಗಡಿಯಿಂದ ಬ್ಯಾಟರಿ ತಂದು ಅತ್ತಿಗೆಯ ಮುಂದಿಟ್ಟು, "ಇದು ಸರಿಯಾದದ್ದೋ, ಹೊಟ್ಟೆ ಒಡಿಯೋದೋ?" ಎಂದು ಕೇಳಿದ. ಸರಿಯಾದದ್ದೇ ಆಗಿತ್ತು.

ಆಮೇಲೆ ಮಂಜು ಇಳಿಯಿತು. ದಿನಗಟ್ಟಲೆ ಸೂರ್ಯನ ಮುಖ ಕಾಣಲಿಲ್ಲ. ಕಣಿವೆಯೆಲ್ಲ ಒದ್ದೆ ಹತ್ತಿಯಂತೆ ಬೆಳ್ಳಗೆ ಕೂತಿತ್ತು. ಒಂದು ಸಂಜೆ ಕರೆಂಟು ಹೋಗಿ, ಜಾಮ್ ಬಾಟಲಿಯ ದೀಪಗಳೂ ಹತ್ತದೆ, ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಮಂಜು ಒಂದಿಷ್ಟು ಹರಿದು ಗುಡ್ಡ ಕಾಣಿಸಿತು. ಐದು ದೀಪ ಮಂಕಾಗಿದ್ದವು. ನೋಡುತ್ತಿದ್ದಂತೆ ಒಂದು ಆರಿತು. ಆಮೇಲೆ ಇನ್ನೊಂದು. ಮಾಝೊಂಡಿ ಕಿಟಕಿಯಲ್ಲೇ ನಿಂತಿದ್ದಳು. ಕೊನೆಯದೂ ಆರಿತು.

ವುಸಿ ಅತ್ತಿಗೆಯ ಕಡೆ ನೋಡಿದ. ನೊಮಾಲಂಗ ಪುಸ್ತಕ ಮುಚ್ಚಿದಳು. ಮಾಶೆಝಿ ಸೌಟನ್ನು ಪಾತ್ರೆಯಲ್ಲಿಟ್ಟು, ಕಪ್ಪು ಹೊದಿಕೆಯನ್ನು ಎಳೆದುಕೊಂಡು ಕಾದಳು.

ಮಾಝೊಂಡಿ ಪರದೆ ಎಳೆದು ಬಂದು ತನ್ನ ಜಾಗದಲ್ಲಿ ಕೂತಳು.

"ಬಿಸಿಲೇ ಇಲ್ಲ ಇಷ್ಟು ದಿನದಿಂದ," ಎಂದಳು. "ಅವನಾದ್ರೂ ಏನು ಮಾಡ್ತಾನೆ, ಪಾಪ. ಬಡಿಸು ಮಕೋಟಿ, ನಾಳೆ ನೀನು ಬೇಗ ಏಳ್ಬೇಕು."